ಅವ್ವನ ಗಾಡಿಗೆ ಫೈಬರ್ ಗೋಡೆ

ಕೈ ಹಾಕಿದ ಕೆಲಸ ನೆಟ್ಟಗೆ ಮುಗಿಯುವುದು ನನ್ನ ಹಣೆಯಲ್ಲಿ ಬರೆದಿಲ್ಲ. ಬಸವಕಲ್ಯಾಣದಲ್ಲಿ ಪಂಪ್ ಮೋಟಾರ್ ರಿಪೇರಿ ಮಾಡಿಕೊಂಡು ತೆಪ್ಪಗಿದ್ದವನು ನಾನು. ಅವ್ವನಿಗೆ ಸೊಂಟನೋವು, ಬಸ್ಸಿನಲ್ಲಿ ಕೂಡಲಾರಳು. ಘಾಟಬೋರಾಳದಲ್ಲಿರುವ ನನ್ನ ತಂಗಿಯ ಮನೆಗೆ ಹೋಗದೆ ಎರಡು ವರ್ಷವಾಗಿತ್ತು. ಹಳೆಯ ಟೆಂಪೊದಲ್ಲಿ ಮಂಚ ಹಾಕಿ ಮಲಗಿಸಿಕೊಂಡೇ ಕರೆದೊಯ್ಯುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ. ಎಂಜಿನ್ನಿಗೂ ವಯಸ್ಸಾಗಿತ್ತು, ಪ್ಲೈವುಡ್ಡಿನ ಭಾರ ಎಳೆಯದು. ಒಳಗೋಡೆಗೆ ಹಗುರವಾದ ಫೈಬರ್ ಹಾಳೆ ನಾನೇ ಮಾಡುವುದೆಂದಾಯಿತು.

೧. ಕುಸುಬಿ ಎಣ್ಣೆ

ಗಾಜಿನ ಮೇಲೆ ಮೇಣ ಸವರಿ, ಫೈಬರ್ ಬಟ್ಟೆ ಹಾಸಿ, ರೆಸಿನ್ ಎಂಬ ಅಂಟು ಬಳಿಯಬೇಕು. ಗಟ್ಟಿಯಾದ ಮೇಲೆ ಹಾಳೆ ತಾನೇ ಎದ್ದು ಬರುತ್ತದಂತೆ. ಊಟದ ಮೇಜಿನ ಗಾಜು ಸಿಕ್ಕಿತು, ಮೇಣ ಸಿಗಲಿಲ್ಲ. ಜಾರಿದರೆ ಸಾಕಲ್ಲ ಎಂದು ಅಡುಗೆಮನೆಯ ಕುಸುಬಿ ಎಣ್ಣೆ ಸವರಿದೆ. ಮರುದಿನ ಹಾಳೆ ಎಳೆದರೆ ಗಾಜೂ ಜೊತೆಗೇ ಬಂತು, ಒಡೆದು.

ಹುಮನಾಬಾದಿನ ರೆಸಿನ್ ಅಂಗಡಿಯ ಚಾಚಾನ ಮುಂದೆ ಹೋಗಿ ನಿಂತೆ.

"ಮೇಣ ಹಚ್ಚಿದ್ರೇನ್ರಿ?"

"ಕುಸುಬಿ ಎಣ್ಣಿ ಹಚ್ಚಿದ್ದೆರಿ."

ಚಾಚಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಮತ್ತ ಸಾಸ್ವಿ, ಜೀರ್ಗಿ ಯಾಕ ಬಿಟ್ರಿ?"

೨. ಬದನೆಕಾಯಿಗೆ ಶಿಕ್ಷೆ

ಈ ಸಲ ಮೇಣ ಹಚ್ಚಿಯೇ ಹಾಳೆ ಮಾಡಿದೆ. ಅದರ ಅಂಚು ಉಜ್ಜಿದರೆ ಕಣ್ಣಿಗೆ ಕಾಣದ ಪುಡಿ ಏಳುತ್ತದೆ. ಮೈಗೆ ತಾಗಿದರೆ ತುರಿಕೆಯೇ ತುರಿಕೆ. ನನ್ನ ಅಂಗಿ ಎಲ್ಲರ ಬಟ್ಟೆಯ ಜೊತೆ ನೆನೆಯಿತು. ಮರುದಿನ ಮನೆಮಂದಿಯೆಲ್ಲ ಕೆರೆದುಕೊಳ್ಳುತ್ತಿದ್ದೆವು. ಡಾಕ್ಟರು, "ಬದನಿಕಾಯಿ ಬಂದ್ ಮಾಡ್ರಿ" ಎಂದರು. ಗಾಜು ಒಡೆದ ಸಿಟ್ಟು ಹೆಂಡತಿಗೆ ಇನ್ನೂ ಇಳಿದಿರಲಿಲ್ಲ, ಪುಡಿಯ ಸುದ್ದಿ ಎತ್ತಲಿಲ್ಲ. ಆದರೆ ಎಣ್ಣೆಗಾಯಿ ಇಲ್ಲದೆ ರೊಟ್ಟಿ ಗಂಟಲಿಗೆ ಇಳಿಯಬೇಕಲ್ಲ? ಐದನೆಯ ದಿನ ನಿಜ ಒದರಿಬಿಟ್ಟೆ.

"ನಾವೆಲ್ಲ ಕೆರ್ಕೊಂಡು ಸಾಯಾಕತ್ತಿದ್ರೂ ಬಾಯಿ ಬಿಡ್ಲಿಲ್ಲ, ಬದನಿಕಾಯಿ ಸಲುವಾಗಿ ಬಿಟ್ರಿ!" ಎಂದಳು ಹೆಂಡತಿ.

೩. ಬಿಳಿ ಗಾಡಿ

ಅಂತೂ ಗಾಡಿ ಸಿದ್ಧವಾಯಿತು. ಹೊರಗೂ ಬಿಳಿ, ಒಳಗೋಡೆಯೂ ಬಿಳಿ. ಬಣ್ಣ ಹಚ್ಚುವ ತ್ರಾಣ ನನ್ನಲ್ಲಿ ಉಳಿದಿರಲಿಲ್ಲ. ತಂಗಿಗೆ ಹೇಳದೆಯೇ ಅವ್ವನನ್ನು ಮಲಗಿಸಿಕೊಂಡು ಹೊರಟೆ. ನೋಡಿ ಖುಷಿಪಡಲಿ ಎಂಬ ಹುಚ್ಚು. ಎಲ್ಲಿ ನೋವೆಂದು ಕೂಗುತ್ತಾಳೋ ಎಂದು ದಾರಿಯುದ್ದಕ್ಕೂ ನನ್ನ ಕಿವಿ ಹಿಂದೆಯೇ ಇತ್ತು. ಕೂಗಲಿಲ್ಲ. ಊರು ಮುಟ್ಟಿ ಹಿಂಬಾಗಿಲು ತೆರೆದರೆ ಗಾಢ ನಿದ್ದೆಯಲ್ಲಿದ್ದಳು. ಪಟ್ಟ ಪಾಡೆಲ್ಲ ಸಾರ್ಥಕವಾಯಿತೆಂದು ನನಗೆ ಕಣ್ಣೀರೇ ಬಂತು.

ಆಗಲೇ ತಂಗಿ ಹೊರಗೆ ಬಂದಳು. ಬಿಳಿ ಗಾಡಿ, ಉದ್ದಕ್ಕೆ ಮಲಗಿದ ಅವ್ವ, ಕಣ್ಣೊರೆಸಿಕೊಳ್ಳುತ್ತಿರುವ ನಾನು.

"ನನ್ನವ್ವಾ, ನನ್ನ ಬಿಟ್ಟು ಹ್ಯಾಂಗ ಹೋದೇ!" ಎಂದು ಬಾಯಿ ಬಡಿದುಕೊಂಡಳು. ಓಣಿಯ ಹೆಂಗಸರೆಲ್ಲ ಓಡಿಬಂದು ದನಿಗೂಡಿಸಿದರು. ನನ್ನ ಮಾತು ಯಾರ ಕಿವಿಗೂ ಬೀಳಲಿಲ್ಲ.

ಗದ್ದಲಕ್ಕೆ ಅವ್ವನಿಗೆ ಎಚ್ಚರವಾಯಿತು. ಸುತ್ತಲಿನ ಅಳು ಕೇಳಿ ಎದ್ದು ಕುಳಿತು, ಸೆರಗು ಬಾಯಿಗಿಟ್ಟು ತಾನೂ ಅಳತೊಡಗಿದಳು. ಹೆಂಗಸರೆಲ್ಲ ಗಪ್ಪಾದರು. ಅವ್ವ ಮಾತ್ರ ಪದ್ಧತಿ ಬಿಡಲಿಲ್ಲ. ಮನಸಾರೆ ಅತ್ತು, ಮೂಗು ಒರೆಸಿಕೊಂಡು ತಂಗಿಯನ್ನು ಕೇಳಿದಳು:

"ಯಾರ್ ಹೋದ್ರವ್ವಾ?"