ಮೋಟರಿನ ಹಣೆಗೆ ಅಡ್ಡಗೆರೆ

ನನಗೆ ಗುರುತು ಹತ್ತುವುದಿಲ್ಲ. ಇದನ್ನು ತಲೆ ತಗ್ಗಿಸಿ ಹೇಳುತ್ತಿಲ್ಲ, ಎತ್ತಿಕೊಂಡೇ ಹೇಳುತ್ತಿದ್ದೇನೆ. ಹಲಬರ್ಗಾದ ಒಂದು ಮದುವೆಯಲ್ಲಿ ಮದುಮಗನನ್ನೇ ಅಡುಗೆಯವನೆಂದು ತಿಳಿದು, ಪಲ್ಯಕ್ಕೆ ಉಪ್ಪು ಕಮ್ಮಿಯಾಗಿದೆ ಎಂದು ಗದರಿಸಿದವನು ನಾನು. ಅದೇ ಮದುವೆಯಿಂದ ಯಾರದೋ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದೆ. "ಒಂದು ಕಪ್ಪದ, ಒಂದು ಕೆಂಪದ. ಮ್ಯಾಲ ಎರಡೂ ಎಡಗಾಲಿಂದೇ ಅವಲ್ರಿ!" ಎಂದು ಹೆಂಡತಿ ಹಣೆ ಹಣೆ ಬಡಿದುಕೊಂಡಳು. ನಡೆಯಲು ಬಂತಲ್ಲ, ಸಾಕು ಬಿಡು ಎಂದೆ. ನಮ್ಮ ಅವ್ವನೂ ಹೀಗೇ ಇದ್ದಳು. ಕೊಟ್ಟಿಗೆಯ ಎಮ್ಮೆಗಳನ್ನು ಬರೀ ಕೆಮ್ಮಿನ ಮೇಲೆ ಗುರುತು ಹಿಡಿಯುತ್ತಿದ್ದವಳು, ನನ್ನನ್ನು ಕರೆಯಬೇಕಾದರೆ ಮಾತ್ರ ಮನೆಮಂದಿಯ ಹೆಸರನ್ನೆಲ್ಲ ಒಂದು ಸುತ್ತು ಹಾಕಿ ಬರುತ್ತಿದ್ದಳು. ಇಂಥ ಮನೆತನದವನನ್ನು ಕರೆದು ಕಾರ್ಖಾನೆಯ ಸ್ಟೋರ್‌ಕೀಪರ್ ಮಾಡಿದರೆ ತಪ್ಪು ಯಾರದು? ನೀವೇ ಹೇಳಿ.

ನಮ್ಮದು ಬೀದರಿನಲ್ಲಿ ಸುಟ್ಟುಹೋದ ಬೋರ್‌ವೆಲ್ ಮೋಟರುಗಳಿಗೆ ಹೊಸ ತಂತಿ ಸುತ್ತಿಕೊಡುವ ಕಾರ್ಖಾನೆ. ಆ ಬರದ ವರ್ಷಗಳಲ್ಲಿ ನೀರು ಪಾತಾಳಕ್ಕಿಳಿದು, ಮೋಟರುಗಳು ಬರೀ ಗಾಳಿ ಎಳೆದು ಸುಟ್ಟುಹೋಗುತ್ತಿದ್ದವು. ಭಾಲ್ಕಿ, ಔರಾದ್ ಕಡೆಯಿಂದ ಟೆಂಪೋ ತುಂಬಿ ನಮ್ಮಲ್ಲಿಗೆ ಬರುತ್ತಿದ್ದವು. ಟೆಂಪೋದಲ್ಲಿ ಮೋಟರಿನ ಪಕ್ಕಕ್ಕೇ ಗಂಟುಮೂಟೆ ಇಟ್ಟುಕೊಂಡು ಕುಳಿತ ಜನರೂ ಇರುತ್ತಿದ್ದರು. ಮೋಟರ್ ನಮ್ಮಲ್ಲಿ ಇಳಿದರೆ, ಅವರು ಹೈದರಾಬಾದಿನ ಬಸ್ಸು ಹಿಡಿಯಲು ನಿಲ್ದಾಣದಲ್ಲಿ ಇಳಿಯುತ್ತಿದ್ದರು.

ಮೋಟರುಗಳೆಲ್ಲ ಒಂದೇ ಅಚ್ಚು. ತೋಳುದ್ದದ, ತೊಡೆ ಗಾತ್ರದ ಉಕ್ಕಿನ ಕೊಳವೆಗಳು. ನಾನು ಚಾಕ್‌ಪೀಸಿನಿಂದ ಇಂಗ್ಲಿಷ್ ಅಂಕಿ ಬರೆದಿಡುತ್ತಿದ್ದೆ. ಕಮಠಾಣದ ಮೋಟರಿಗೆ ಅರವತ್ತಾರು, ಔರಾದಿನದಕ್ಕೆ ತೊಂಬತ್ತೊಂಬತ್ತು. ಯಾರೋ ಪುಣ್ಯಾತ್ಮರು ನೆಲ ಗುಡಿಸುವಾಗ ಎರಡನ್ನೂ ಎತ್ತಿ ತಲೆಕೆಳಗಾಗಿ ನಿಲ್ಲಿಸಿದರು. ಅರವತ್ತಾರು ತೊಂಬತ್ತೊಂಬತ್ತಾಯಿತು, ತೊಂಬತ್ತೊಂಬತ್ತು ಅರವತ್ತಾರಾಯಿತು. ಕಮಠಾಣದ್ದು ಔರಾದಿಗೆ ಹೋಯಿತು, ಔರಾದಿನದು ಕಮಠಾಣಕ್ಕೆ. ಕಡೆಗೆ ನಾನೇ ಔರಾದಿಗೆ ಹೋಗಿ, ಅಲ್ಲಿಯವರ ಕೈಲಿ ಹೊಟ್ಟೆ ತುಂಬ ಬೈಸಿಕೊಂಡು, ಕಮಠಾಣದ ಮೋಟರನ್ನು ವಾಪಸು ತಂದೆ.

ಮಾಲೀಕರಾದ ಸೇಠ್‌ಜಿ ನನ್ನನ್ನು ಕರೆಸಿದರು. "ಶಿವರಾಜಪ್ಪ, ನಿಮ್ಮ ಕಣ್ಣಿನ ಭರೋಸಾ ಸಾಕಾಗ್ಯಾದ. ಇನ್ನ ಗುರುತು ಹಿಡಿಯೋ ಮಷಿನ್ ಕೂಗಲಾರ್ದ ಒಂದು ಮೋಟರೂ ಗೇಟ್ ದಾಟಬಾರದು. ಯಾವ ಮಷಿನ್ ಅಂತ ನೀವೇ ಆರಿಸ್ರಿ. ಆಗಲಿಲ್ಲಂದ್ರ ಸ್ಟೋರಿನ ಕೀಲಿ ಇಟ್ಟು ಮನಿಗಿ ನಡೀರಿ."

"ಆರಿಸ್ತೇನ್ರಿ. ಕೀಲಿನೂ ಇಡಂಗಿಲ್ಲ, ಮನಿಗೂ ನಡ್ಯಂಗಿಲ್ಲ" ಎಂದೆ. ಆರಿಸುವುದು ಹೇಗೆಂದು ಗೊತ್ತಿರಲಿಲ್ಲ, ಅದು ಬೇರೆ ಮಾತು.

ಮಷಿನ್ ಮಾರುವವನು ಹೈದರಾಬಾದಿನಿಂದ ಬಂದ. ಮುಖ ನೋಡಿಕೊಳ್ಳಬಹುದಾದಷ್ಟು ಹೊಳೆಯುವ ಕರಿ ಶೂ, ಬಗಲಲ್ಲಿ ಲ್ಯಾಪ್‌ಟಾಪ್. ಮೊದಲು ರೇಡಿಯೋ ಚೀಟಿ ತೋರಿಸಿದ. ಅದನ್ನು ಅಂಟಿಸಿದರೆ ಸಾಕು, ದೂರದಿಂದಲೇ ಯಂತ್ರಕ್ಕೆ ಗುರುತು ಸಿಗುತ್ತದಂತೆ. ಮೋಟರಿಗೆ ಅಂಟಿಸಿ ಯಂತ್ರ ಹಿಡಿದ. ಯಂತ್ರ ಗಪ್‌ಚುಪ್. ಇನ್ನಷ್ಟು ಹತ್ತಿರ ಹಿಡಿಯಲು ಬಗ್ಗಿದ್ದೇ ತಡ, ಕುಂಯ್ ಎಂದು ಕೂಗಿತು. ಅದು ಗುರುತಿಸಿದ್ದು ಅವನ ಜೇಬಿನಲ್ಲಿದ್ದ ಇನ್ನೊಂದು ಚೀಟಿಯನ್ನು.

"ಮೋಟರ್ ನಿಮ್ಮ ಜೇಬಿನಾಗ ಅದ ಅಂತ ಹೇಳಲತದಲ್ರಿ" ಎಂದೆ.

"ಕಬ್ಬಿಣದ ಮೇಲೆ ಸಿಗ್ನಲ್ ಕೆಡುತ್ತೆ ಸರ್. ಕಬ್ಬಿಣಕ್ಕೇ ಬೇರೆ ಚೀಟಿ ಬರುತ್ತೆ, ಹೊರಗಿಂದ ತರಿಸಬೇಕು."

"ಹಿಂಗಾರು ಮುಗಿಯೋದ್ರಾಗ ಬರ್ತದೇನ್ರಿ?"

ಅವನು ರೇಡಿಯೋ ಚೀಟಿಯನ್ನು ಒಳಗಿಟ್ಟ. ಬಾರ್‌ಕೋಡ್ ತೆಗೆದ. ಅಂಗಡಿಯ ಸಾಬೂನಿನ ಮೇಲಿರುವ ಕಪ್ಪು ಗೆರೆಗಳ ಚೀಟಿ ನಿಮಗೆ ಗೊತ್ತಲ್ಲ, ಅದೇ.

ಅಷ್ಟರಲ್ಲಿ ಕಮಠಾಣದ ಕಾಶಮ್ಮ ಟೆಂಪೋ ತೆಗೆದುಕೊಂಡು ಬಂದೇಬಿಟ್ಟಳು. ಆ ಊರಿನ ಒಂದು ಓಣಿಗೆ ನೀರು ಬಿಡುತ್ತಿದ್ದವನು ಗುಳೆ ಹೋದ ಮೇಲೆ ವಾಲ್ ತಿರುಗಿಸುವ ಕೆಲಸ ಈಕೆಯ ಕೈಗೆ ಬಂದಿತ್ತು. ನಾವು ಅದಲಿಬದಲಿ ಮಾಡಿದ್ದು ಈಕೆಯ ಮೋಟರನ್ನೇ.

"ಶಿವರಾಜಪ್ಪಾರ, ಈ ಸಲ ನಂದು ನನಗ ಕೊಡ್ರಿ. ನೀವು ಕೊಟ್ಟಿದ್ದು ನಮ್ಮ ಬೋರಿನಾಗ ಹನಿ ನೀರು ಎತ್ತಲಿಲ್ಲ. ಓಣಿ ಮಂದಿ ಗಂಟು ಕಟ್ಟಿ ಕುಂತಾರ. ಇವತ್ತು ಸಂಜಿತನ ನೀರು ಬಂದ್ರ ಇರ್ತಾರ, ಇಲ್ಲಾಂದ್ರ ನಾಳಿ ಮುಂಜಾನಿ ಎಲ್ಲರೂ ಕೀಲಿ ಹಾಕಿ ಹೈದರಾಬಾದಿಗಿ ಹೋಗ್ತಾರ. ಖಾಲಿ ಓಣ್ಯಾಗ ನಾ ಒಬ್ಬಾಕಿ ವಾಲ್ ತಿರಗಸ್ಕೋತ ಕೂಡ್ಲೇನ್ರಿ?"

ನನಗೆ ನಿಜಕ್ಕೂ ನಾಚಿಕೆಯಾಯಿತು, ಹಿಂದೆಯೇ ಸಿಟ್ಟೂ ಬಂತು. ಮೋಟರನ್ನು ಗೇಟಿಗೆ ತಂದು ನಿಲ್ಲಿಸಿದೆವು. ಲ್ಯಾಪ್‌ಟಾಪಿನಲ್ಲಿ ಊರಿನ ಹೆಸರು ಸೇರಿಸಿ ಚೀಟಿ ಅಂಟಿಸಿದ್ದಾಯಿತು. ಹೈದರಾಬಾದಿನವನು ಯಂತ್ರ ಹಿಡಿದ. ಕೆಂಪು ಬೆಳಕು ಬಿತ್ತು, ಸದ್ದಿಲ್ಲ. ಎಡಕ್ಕೆ ಹಿಡಿದ, ಬಲಕ್ಕೆ ಹಿಡಿದ, ಮೊಣಕಾಲೂರಿ ಹಿಡಿದ. ಜಪ್ಪಯ್ಯ ಅನ್ನಲಿಲ್ಲ.

"ಮೋಟರ್ ದುಂಡಗಿದೆ ಸರ್, ಅದೇ ಪ್ರಾಬ್ಲಂ" ಎಂದ.

"ಹಂಗಾದ್ರ ಊರೂರಿಗಿ ಚಪ್ಪಟಿ ಬೋರ್ ಹೊಡಸೂಣೇನ್ರಿ?" ಎಂದು ನಾನು ಸೇಠ್‌ಜಿಯ ಕಡೆ ತಿರುಗಿದೆ. "ಸೇಠ್‌ಜಿ, ಇದು ಕಮಠಾಣದ್ದೇ. ನಾನೇ ಹೊತ್ತು ತಂದೀನಿ. ಬಿಡ್ರಿ."

"ಹೋದ ಸಲಾನೂ ಹಿಂಗೇ ಅಂದಿದ್ರಿ" ಎಂದರು ಸೇಠ್‌ಜಿ, ಗೇಟಿನ ಸರಪಳಿ ಹಿಡಿದುಕೊಂಡೇ.

ಕಾಶಮ್ಮ ನಮ್ಮ ಜಗಳಕ್ಕೆ ಕಿವಿಗೊಡಲಿಲ್ಲ. ನಮ್ಮ ಕಡೆ ಪೂಜೆ ಮಾಡದೆ ಮೋಟರನ್ನು ಬೋರಿಗೆ ಇಳಿಸುವುದಿಲ್ಲ. ಅವಳು ಸೆರಗಿನಿಂದ ತೆಂಗಿನಕಾಯಿ, ವಿಭೂತಿ ಗಟ್ಟಿ ತೆಗೆದು, "ಎಲ್ಲರೂ ಕಾಲಾಗಿಂದು ಬಿಡ್ರಿ" ಎಂದು ಅಪ್ಪಣೆ ಕೊಟ್ಟಳು. ಹೈದರಾಬಾದಿನವನೂ ಶೂ ಬಿಚ್ಚಿದ. ವಿಭೂತಿ ಬಳಿಯಲು ಬಗ್ಗಿದವಳು ಚೀಟಿ ನೋಡಿ ಸೊಂಟದ ಮೇಲೆ ಕೈಯಿಟ್ಟಳು.

"ಅಯ್ಯ, ಇದೇನ್ರಿ? ನಿಂತ ಗೆರಿ! ನಮ್ಮ ಮೋಟರಿಗಿ ನಾಮ ಹಾಕೀರೇನು? ನಮ್ಮದು ಅಡ್ಡ ವಿಭೂತಿ. ಪೈಲೆ ಅದನ್ನ ತಗೀರಿ."

"ಅದು ಕಂಪ್ಯೂಟರ್ ಗೆರೆ ಅಮ್ಮಾ, ದೇವರದ್ದಲ್ಲ" ಎಂದ ಅವನು.

"ಕಂಪೂಟರ್ ಇದ್ರೂ ಅಡ್ಡ ಇರಲಿ."

ನನಗೂ ಅಷ್ಟೇ ಬೇಕಾಗಿತ್ತು. ಕೀಲಿ ಹೋಗುವುದಾದರೆ ಹೋಗಲಿ, ಈ ಶೂ ಸಾಹೇಬನ ಮಾತು ಮೀರಿಯೇ ಹೋಗಲಿ ಎಂದು ಹಟ ಬಂತು. ಚೀಟಿಯನ್ನು ಪರಪರ ಕಿತ್ತು, ಅದೇ ಊರಿನ ಹೊಸದೊಂದನ್ನು ಅಡ್ಡಗೆರೆ ಬರುವಂತೆ ಅಂಟಿಸಿದೆ. "ಈಗ ಹಿಡೀರಿ ನಿಮ್ಮ ಬೆಳಕು!" ಎಂದು ಗುಡುಗಿದೆ. ಅವನು ನನ್ನ ಕಾಟ ತಪ್ಪಲಿ ಎಂಬಂತೆ ಹಿಡಿದ.

ಕುಂಯ್!

ಯಾರಿಗೂ ನಂಬಿಕೆ ಬರಲಿಲ್ಲ. ಮತ್ತೆ ಹಿಡಿದ, ಮತ್ತೆ ಕೂಗಿತು. ಪರದೆಯ ಮೇಲೆ 'ಕಮಠಾಣ' ಎಂದು ಮೂಡಿತು. ಆಮೇಲೆ ವಿಚಾರ ಮಾಡಿದರೆ ಸಂಗತಿ ಸರಳ. ನಿಂತ ಗೆರೆಗಳು ದುಂಡು ಹೊಟ್ಟೆಯನ್ನು ಸುತ್ತಿಕೊಂಡು ಎರಡೂ ಬದಿಯಲ್ಲಿ ಮರೆಯಾಗುತ್ತಿದ್ದವು. ಅಡ್ಡಗೆರೆಗಳು ಒಂದರ ಕೆಳಗೊಂದು ನೆಟ್ಟಗೆ ಬಂದು ಯಂತ್ರಕ್ಕೆ ಎಲ್ಲವೂ ಎದುರಿಗೇ ಕಂಡವು.

"ಕರೆಕ್ಟ್ ಸರ್, ನಾನೂ ಅದನ್ನೇ ಹೇಳೋಣ ಅಂತಿದ್ದೆ" ಎಂದ ಅವನು. ಹೌದಪ್ಪಾ, ನೀನು ಹೇಳುವವನೇ ಇದ್ದೆ!

ಸೇಠ್‌ಜಿ ಸರಪಳಿ ಬಿಟ್ಟರು. ಕಾಶಮ್ಮ ಕಾಯಿ ಒಡೆದು, ಮೋಟರನ್ನು ಟೆಂಪೋಗೆ ಏರಿಸಿಕೊಂಡು ಹೋದಳು. ಈ ಮಷಿನ್ ಆರಿಸಿದ್ದು ನಾನೇ ಎಂದು ಸಿಕ್ಕವರಿಗೆಲ್ಲ ಹೇಳುತ್ತ ದಿನ ಕಳೆದೆ. ಕಾಶಮ್ಮನ ಹೆಸರು ಹೇಳಲು ನೆನಪಾಗಲಿಲ್ಲ. ಸ್ಟೋರಿನ ಕೀಲಿ ಬೆರಳಲ್ಲಿ ತಿರುಗಿಸುತ್ತ ಸಂಜೆ ಮನೆಗೆ ಹೊರಟಾಗ ನನ್ನ ನಡಿಗೆಗೇ ಒಂದು ಗತ್ತು ಬಂದಿತ್ತು. ಹೆಜ್ಜೆ ಇಟ್ಟಲ್ಲೆಲ್ಲ ಟಕ್ ಟಕ್ ಸದ್ದು.

ಬಾಗಿಲಲ್ಲೇ ಫೋನ್ ಬಂತು. ಕಾಶಮ್ಮ. ಹಿಂದೆ ಕೊಡಗಳ ಸದ್ದು, ಹೆಂಗಸರ ಗಲಾಟೆ. "ನೀರು ಬಂತ್ರೀ! ಮಂದಿ ಗಂಟು ಬಿಚ್ಚಲತಾರ್ರಿ!" ಛಲೋ ಆಯ್ತವ್ವ ಎಂದಷ್ಟೇ ಎಂದೆ.

ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಇನ್ನೊಂದು ಫೋನ್.

"ಸರ್, ಬಸ್‌ಸ್ಟ್ಯಾಂಡಿನಲ್ಲಿದೀನಿ. ನಿಮ್ಮ ಗೇಟಿನ ಹತ್ತಿರ ಒಂದು ಜೊತೆ ಹರಕು ಚಪ್ಪಲಿ ಮಾತ್ರ ಉಳಿದಿತ್ತು, ಅದನ್ನೇ ಹಾಕ್ಕೊಂಡು ಬಂದೆ. ನನ್ನ ಶೂ ಏನಾದ್ರೂ..."

ಕೆಳಗೆ ನೋಡಿದೆ. ಕಾಲಿನ ತುದಿಯಲ್ಲಿ ನನ್ನದೇ ಮುಖ ಕಾಣುತ್ತಿತ್ತು. ಆದರೂ ಸೋಲುವವನೇ ನಾನು?

"ನಿಮ್ಮವೇ ಅನ್ಲಿಕ್ಕ ಗುರುತೇನ್ರಿ? ಚೀಟಿ ಹಚ್ಚೀರೇನು? ಮಷಿನ್ ಕೂಗಲಾರ್ದ ನಮ್ಮ ಮನಿ ಬಾಗಿಲೂ ಏನೂ ದಾಟಂಗಿಲ್ರಿ!"

ಹೆಂಡತಿ ನನ್ನ ಕಾಲು ನೋಡಿದಳು, ಮುಖ ನೋಡಿದಳು, ಫೋನ್ ಕಿತ್ತುಕೊಂಡಳು.

"ಅಣ್ಣಾ, ಅಲ್ಲೇ ನಿಂದರ್ರಿ, ಈಗ ಕಳಸ್ತೇನಿ. ನಿಮ್ಮ ಹತ್ರ ಆ ಚೀಟಿ ಒಂದು ಉಳದಿದ್ರ ಕೊಟ್ಟು ಹೋಗ್ರಿ, ಇವರ ಹಣಿಗಿ ಹಚ್ತೇನಿ. ಅಡ್ಡ ಹಚ್ಚಬೇಕೋ, ನಿಂತದ್ದೋ, ಅಷ್ಟು ಹೇಳ್ರಿ."