ಪ್ರತಿಧ್ವನಿಯನ್ನು ನುಂಗಿದ ಗೋಡೆಬಟ್ಟೆಯವರಿಗೆ

ಹಳೆಯ ಅರಮನೆಯ ದುಂಡು ಸಭಾಂಗಣದ ಗೋಡೆಯನ್ನು ಮೇಲಿನಿಂದ ಕೆಳಗಿನವರೆಗೆ ಆವರಿಸಿಕೊಂಡು ವಿರಾಜಿಸುತ್ತಿರುವ, ಬೂದುಬಣ್ಣದ, ಹೊಚ್ಚಹೊಸ ವಿನ್ಯಾಸದ, ಅಪ್ಪಟ ಉಣ್ಣೆಯ ಗೋಡೆಬಟ್ಟೆಯವರ ಸನ್ನಿಧಾನಕ್ಕೆ, ಅದೇ ಸಭಾಂಗಣದಲ್ಲಿ ಗೈಡ್ ಆಗಿದ್ದವನು ದೂರದಿಂದಲೇ ಸಲ್ಲಿಸುವ ತುಂಬು ಗೌರವದ ನಮಸ್ಕಾರಗಳು.

ಮಾನ್ಯರೇ,

ತಾವು ಬಂದಮೇಲೆ ಸಭಾಂಗಣದ ಕಳೆಯೇ ಬೇರೆಯಾಗಿದೆ ಎಂದು ನವೀಕರಣ ಸಮಿತಿಯವರು ಹಾಡಿ ಹೊಗಳುತ್ತಿದ್ದಾರೆ, ಅದರಲ್ಲಿ ನನ್ನದೇನೂ ತಕರಾರಿಲ್ಲ. ತಮ್ಮನ್ನು ರೂಪಿಸಿದ ಕಲಾವಿದೆ ಉದ್ಘಾಟನೆಯ ದಿನ ಇದು ಗೋಡೆಯ ಮೌನ ಎಂದಾಗಲೇ, ಬಾಯಿಯಿಂದ ಬದುಕುವ ನಾನು ನನ್ನ ಹುದ್ದೆಯ ದಿನಗಳನ್ನು ಎಣಿಸತೊಡಗಿದ್ದೆ. ಏಕೆಂದರೆ ಆ ಸಭಾಂಗಣದಲ್ಲಿ ನೋಡುವಂಥದ್ದು ಮೊದಲಿನಿಂದಲೂ ಏನೂ ಇರಲಿಲ್ಲ, ಕೇಳುವಂಥದ್ದಿತ್ತು. ನಡುವೆ ನಿಂತು ಕೂಗಿದರೆ ಗೋಡೆ ಆ ಕೂಗನ್ನು ಸುತ್ತಾಡಿಸಿ ಕೂಗಿದವನ ಕಿವಿಗೇ ಹಿಂದಿರುಗಿಸುತ್ತಿತ್ತು. ಜನ ಅದಕ್ಕೇ ಬರುತ್ತಿದ್ದರು, ನಾನು ಅದಕ್ಕೇ ಇದ್ದೆ. ತಾವು ಬಂದಿರಿ, ಅದನ್ನು ಒಂದೇ ಗುಟುಕಿಗೆ ನುಂಗಿದಿರಿ, ತೇಗಲೂ ಇಲ್ಲ.

ಈ ಸಂಯಮವನ್ನು ಎಷ್ಟು ಹೊಗಳಿದರೂ ಸಾಲದು. ಹರಾಜು ಕೂಗುವವರೊಬ್ಬರು ಕತ್ತಿನ ನರ ಉಬ್ಬುವಂತೆ ಅರಚಿದರೂ ತಾವು ತುಟಿಪಿಟಕ್ಕೆನ್ನಲಿಲ್ಲ. ಬಂದವರೆಲ್ಲ ಟಿಕೆಟ್ ಕಿಟಕಿಗೆ ಹೋಗಿ ಜಗಳ ತೆಗೆದರು. ಬಟ್ಟೆಗೆ ನೋವಾಗದಂತೆ ಏನಾದರೂ ಮಾಡು, ಆಗದಿದ್ದರೆ ಮನೆಗೆ ನಡೆ ಎಂದು ಸಮಿತಿ ನನಗೆ ಅಪ್ಪಣೆ ಕೊಟ್ಟಿತು.

ಹಳೆಯ ಗಾರೆಗೆ ಮೊಳೆ ತಾಗಬಾರದೆಂದು ತಮ್ಮನ್ನು ಮರದ ಚೌಕಟ್ಟಿಗೆ ಬಿಗಿದು ಗೋಡೆಯಿಂದ ಒಂದು ಮೊಳ ಈಚೆಗೆ ನಿಲ್ಲಿಸಿದ್ದಾರಲ್ಲವೇ? ಆ ಸಂದಿನಲ್ಲಿ ನಾನು ನನ್ನ ಅಕ್ಕನನ್ನು ನಿಲ್ಲಿಸಿದೆ. ಅಕ್ಕ ನಿವೃತ್ತ ಶಿಕ್ಷಕಿ, ಕಡ್ಡಿಯಂತೆ ತೆಳ್ಳಗಿದ್ದಾಳೆ, ಕಂಠ ಮಾತ್ರ ತಮ್ಮಂಥ ನಾಲ್ವರನ್ನು ದಾಟಿ ಬರುವಂಥದ್ದು. ಕೇಳಿದ ಮಾತಿನ ಬಾಲವನ್ನಷ್ಟೇ ತಿರುಗಿ ಹೇಳಬೇಕೆಂದು ಕೈಮುಗಿದು ಬೇಡಿಕೊಂಡಿದ್ದೆ.

ಮೊದಮೊದಲು ಹಾಗೆಯೇ ನಡೆಯಿತು. ಆಮೇಲೊಬ್ಬ ಯುವಕ ನಾನೇ ರಾಜ ಎಂದು ಕೂಗಿದಾಗ ತಮ್ಮೊಳಗಿಂದ “ರಾಜ, ರಾಜ, ಮೊದ್ಲು ಜೇಬಿನಿಂದ ಕೈ ತೆಗಿ” ಎಂದು ಬಂತು, ಅವನು ತೆಗೆದ. ಪ್ರೇಯಸಿಯ ಹೆಸರನ್ನು ಕೂಗಿದ ಇನ್ನೊಬ್ಬನಿಗೆ “ಅವರಪ್ಪಂಗೆ ಗೊತ್ತಾ?” ಎಂಬ ಪ್ರತಿಧ್ವನಿ ಸಿಕ್ಕಿತು. ಈ ಸಭಾಂಗಣವನ್ನು ಮೂರು ತಲೆಮಾರು ಕಟ್ಟಿತು ಎಂದು ನಾನು ವಿವರಿಸುತ್ತಿದ್ದರೆ “ಎರಡು, ಸರಿಯಾಗಿ ಓದ್ಕೊಂಡು ಬಾ” ಎಂದು ನನ್ನನ್ನೇ ತಿದ್ದಿತು, ಜನ ಅದನ್ನೇ ನಂಬಿದರು. ಈಗ ಮದುವೆ, ಮೊಣಕಾಲು ನೋವು, ಬಾಡಿಗೆಮನೆ ಮುಂತಾದ ವಿಚಾರಗಳಲ್ಲಿ ಸಲಹೆ ಬೇಡುವವರ ಸಾಲು ಬೀದಿಯವರೆಗೂ ಇರುತ್ತದೆ.

ಇದು ಉಣ್ಣೆಯ ವಿಶೇಷ ಗುಣವೆಂದು ತೀರ್ಮಾನಿಸಿದ ಸಮಿತಿ ತಮಗೊಂದು ಪದಕ ಚುಚ್ಚಿತು. ಪಿನ್ನು ಅಕ್ಕನ ಭುಜಕ್ಕೆ ತಾಗಿ “ಅಯ್ಯಮ್ಮಾ” ಎಂದು ಕೇಳಿಸಿದ್ದನ್ನು ತಮ್ಮ ವಿನಯವೆಂದು ದಾಖಲಿಸಲಾಯಿತು. ಜೊತೆಗೇ, ಪ್ರತಿಧ್ವನಿಯೇ ಎಲ್ಲವನ್ನೂ ವಿವರಿಸುತ್ತಿರುವಾಗ ಗೈಡ್ ದಂಡವೆಂದು ನನ್ನ ಹುದ್ದೆಯನ್ನು ರದ್ದು ಮಾಡಲಾಯಿತು. ನಾನು ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಸಮಿತಿಯವರು ನೇರವಾಗಿ ಪ್ರತಿಧ್ವನಿಯನ್ನೇ ವಿಚಾರಿಸಿದರು. ಅದು “ಅವನ ಮಾತು ಕಟ್ಕೋಬೇಡಿ, ಚಿಕ್ಕಂದಿನಿಂದ ಹಾಗೇ” ಎಂದಿತು.

ಆದ್ದರಿಂದ ಮಾನ್ಯರೇ, ನುಂಗಿದ್ದನ್ನು ವಾರಕ್ಕೊಂದು ಮಧ್ಯಾಹ್ನವಾದರೂ ತಾವು ಕಕ್ಕಬೇಕು. ಅದಾಗದಿದ್ದರೆ ಅಕ್ಕನ ಮಾತನ್ನೂ ಅಷ್ಟೇ ನಿಷ್ಠೆಯಿಂದ ನುಂಗಬೇಕು; ಮನೆಮಂದಿಯೆಲ್ಲ ಸೇರಿದರೂ ಸಾಧಿಸಲಾಗದ ಕೆಲಸ ಅದೆಂದು ಬಲ್ಲೆ, ಆದರೆ ತಾವು ಪದಕ ಪಡೆದವರು.

ನಿನ್ನೆ ನಾನೂ ಟಿಕೆಟ್ ಕೊಂಡು, ಸಾಲಿನಲ್ಲಿ ನಿಂತು, ಸರದಿ ಬಂದಾಗ ನಡುಮಧ್ಯೆ ಹೋಗಿ, ಇನ್ನು ನಾನೇನು ಮಾಡಲಿ ಎಂದು ಗಂಟಲು ಹರಿಯುವಂತೆ ಕೂಗಿದೆ. “ಮನೆಗೆ ಹೋಗಿ ಅಡುಗೆ ಮಾಡು, ನಾನು ಬರೋದು ತಡ ಆಗುತ್ತೆ” ಎಂಬ ಉತ್ತರ ಬಂತು. ಇಷ್ಟು ಸ್ಪಷ್ಟವಾದ ಪ್ರತಿಧ್ವನಿಯನ್ನು ಜನ್ಮದಲ್ಲೇ ಕೇಳಿರಲಿಲ್ಲವೆಂದು ಜನ ಚಪ್ಪಾಳೆ ತಟ್ಟಿದರು. ನಾನು ಹೋಗಿ ಅಡುಗೆ ಮಾಡಿದೆ.

ನೇತುಬೀಳಲು ಒಂದು ಗೋಡೆಯೂ ಇಲ್ಲದ,
ತಮ್ಮ ವಿಶ್ವಾಸಿ,
ಮಾಜಿ ಗೈಡ್

ವಿ.ಸೂ.: ತಮ್ಮ ಬಲ ಅಂಚಿನ ಹೊಲಿಗೆಯಲ್ಲಿ ಉಣ್ಣೆ ತಿನ್ನುವ ನುಸಿಗಳು ಮಕ್ಕಳುಮರಿಗಳೊಂದಿಗೆ ಬಿಡಾರ ಹೂಡಿರುವುದನ್ನು ನಿನ್ನೆ ಕಣ್ಣಾರೆ ಕಂಡೆ. ಅಂಥದ್ದು ಕಂಡ ಕೂಡಲೇ ಸಮಿತಿಗೆ ತಿಳಿಸುವುದು ಗೈಡ್‌ನ ಕರ್ತವ್ಯ. ಆ ಹುದ್ದೆ ಈಗ ಇಲ್ಲ.