ದೂರಶಿಕ್ಷಣದಲ್ಲಿ ಒಂದು ದೂರು

ಕೆಲಸ ಕಡಿಮೆ, ಹೆಸರು ಮಾತ್ರ ದೊಡ್ಡದು ಎಂಬಂಥ ಜವಾಬ್ದಾರಿ ಯಾವುದಾದರೂ ಇದ್ದರೆ ಅದನ್ನು ಕೂಡಲೇ ಒಪ್ಪಿಕೊಳ್ಳುವವನು ನಾನು. ಇದು ನನ್ನ ಹುಟ್ಟುಗುಣ. ಶಾಲೆಯ ನಾಟಕದಲ್ಲಿ ಮಾತೇ ಇಲ್ಲದ ದ್ವಾರಪಾಲಕನ ಪಾತ್ರವನ್ನು ಕೇಳಿ ಪಡೆದು, ರಾಜ ಬರುವ ಮೊದಲೇ ಕಂಬಕ್ಕೆ ಒರಗಿ ನಿದ್ದೆ ಹೋದವನು. ಹಾಗಾಗಿ ಕಾಪುವಿನ ನಮ್ಮ ಕಾಲೇಜಿಗೆ ದೂರಶಿಕ್ಷಣದ ಅಧ್ಯಯನ ಕೇಂದ್ರ ಬಂದಾಗ, "ಭಾನುವಾರ ಸ್ವಲ್ಪ ಹೊತ್ತು ಕೂತರೆ ಆಯಿತು, ವಿದ್ಯಾರ್ಥಿಗಳು ಹೇಗೂ ಬರುವುದಿಲ್ಲ" ಎಂದು ಪ್ರಾಂಶುಪಾಲರು ಹೇಳಿದ್ದೇ ತಡ, ಇತಿಹಾಸದ ಉಪನ್ಯಾಸಕನಾದ ನಾನು ಅದರ ಸಂಯೋಜಕನೂ ಆಗಿಬಿಟ್ಟೆ. ದೂರಶಿಕ್ಷಣವೆಂದರೆ ಅಧ್ಯಾಪಕನೂ ವಿದ್ಯಾರ್ಥಿಯೂ ಪರಸ್ಪರ ಗೌರವದಿಂದ ದೂರ ಇರುವುದು ಎಂದೇ ನಾನು ತಿಳಿದಿದ್ದೆ.

ಆದರೆ ಅವರು ಬಂದರು. ಕಾಪು–ಉಡುಪಿ ನಡುವೆ ಖಾಸಗಿ ಬಸ್ಸು ಓಡಿಸುವ ಸದಾನಂದ ಬಂದ. ಅಂಗಡಿ ನಡೆಸುವವರು, ಮಣಿಪಾಲದ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಹುಡುಗಿಯರು, ಹತ್ತನೆಯ ತರಗತಿಯಲ್ಲಿರುವ ಮಗನಿಗಿಂತ ಮುಂದೆ ಹೋಗಬೇಕೆಂದು ಹಟ ತೊಟ್ಟ ತಾಯಂದಿರು, ಎಲ್ಲರೂ ಬಂದರು. ಇವರೆಲ್ಲರಿಗಿಂತ ಮೊದಲು ಬಂದು ಮೊದಲ ಬೆಂಚಿನಲ್ಲಿ ಕೂರುತ್ತಿದ್ದವರು ಕಾರ್ಕಳದ ಜೂಲಿಯಾನ; ಕೊಂಕಣಿ ಕ್ರೈಸ್ತರ ರೂಢಿಯಂತೆ ನಮಗೆಲ್ಲ ಜೂಲಿಯಾನ ಬಾಯಿ. ವಯಸ್ಸು ಐವತ್ತಾರು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕುವೈತಿನಲ್ಲಿ ದುಡಿದು ಊರಿಗೆ ಮರಳಿದವರು. ಭಾನುವಾರ ಇಗರ್ಜಿಯ ಮೊದಲ ಪೂಜೆ ಮುಗಿಸಿ, ಕಾರ್ಕಳದಿಂದ ಪಡುಬಿದ್ರಿಗೆ ಒಂದು ಬಸ್ಸು, ಅಲ್ಲಿಂದ ಕಾಪುವಿಗೆ ಇನ್ನೊಂದು ಬಸ್ಸು ಹಿಡಿದು, ನಾನು ಕಾಲೇಜಿನ ಬೀಗ ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಪುಸ್ತಕ ಬಿಡಿಸಿ ಕೂತಿರುತ್ತಿದ್ದರು. ಅಲೆವೂರಿನಿಂದ ಸ್ಕೂಟರಿನಲ್ಲಿ ಬರುವ ನನಗೆ ಅವರನ್ನು ನೋಡಿದಾಗಲೆಲ್ಲ ಒಂದು ಬಗೆಯ ಅಪರಾಧಭಾವ. ಆದರೆ ಅದು ಸ್ಕೂಟರಿನ ಸ್ಟ್ಯಾಂಡು ಹಾಕುವಷ್ಟರಲ್ಲಿ ಮಾಯವಾಗುತ್ತಿತ್ತು.

ಹೀಗಿರುವಾಗ ಅಂಚೆಯಲ್ಲಿ ಒಂದು ದಪ್ಪ ಪುಸ್ತಿಕೆ ಬಂತು. ದೂರಶಿಕ್ಷಣದ ಗುಣಮಟ್ಟದ ನಿಯಮಗಳು. ಸಂಪರ್ಕ ತರಗತಿ ಇಷ್ಟು ಗಂಟೆ ನಡೆಯಬೇಕು, ಅಸೈನ್‌ಮೆಂಟನ್ನು ಓದಿ ಸಲಹೆ ಬರೆದು ಹಿಂದಿರುಗಿಸಬೇಕು, ಗ್ರಂಥಾಲಯ ತೆರೆದಿರಬೇಕು, ಕುಂದುಕೊರತೆಯ ಪುಸ್ತಕ ಇಡಬೇಕು ಎಂದು ಸಾಲುಸಾಲಾಗಿ ಬರೆದಿತ್ತು. ಪರಿಶೀಲನೆಗೆ ತಂಡ ಬರುತ್ತದೆ, ಗುಣಮಟ್ಟ ಇಲ್ಲದಿದ್ದರೆ ಕೇಂದ್ರವನ್ನು ಮುಚ್ಚಿ ವಿದ್ಯಾರ್ಥಿಗಳನ್ನು ಬೇರೆ ಜಿಲ್ಲೆಯ ಕೇಂದ್ರಕ್ಕೆ ವರ್ಗಾಯಿಸಲಾಗುತ್ತದೆ ಎಂದು ಕೊನೆಯಲ್ಲಿ ಒಂದು ಸಾಲು. ಪುಸ್ತಿಕೆಯನ್ನು ನನಗಿಂತ ಮೊದಲು ಓದಿ ಮುಗಿಸಿದವಳು ನಮ್ಮ ಕ್ಲರ್ಕ್ ವಸಂತಿ.

"ಸಾರ್, ಕುಂದುಕೊರತೆ ಪುಸ್ತಕ ಪೂರ್ತಿ ಖಾಲಿ ಉಂಟು" ಎಂದಳು.

"ಒಳ್ಳೆಯದಲ್ವಾ? ಯಾರಿಗೂ ದೂರು ಇಲ್ಲ ಅಂತ ಅರ್ಥ."

"ಅವರು ಹಾಗೆ ತಿಳಿಯುವುದಿಲ್ಲ ಸಾರ್. ಪುಸ್ತಕವನ್ನು ಯಾರಿಗೂ ತೋರಿಸಲೇ ಇಲ್ಲ ಅಂತ ತಿಳಿಯುತ್ತಾರೆ."

ಅದು ನಿಜವೇ ಆಗಿತ್ತು. ಪುಸ್ತಕ ನನ್ನ ಕಪಾಟಿನಲ್ಲಿ, ಕಪಾಟಿನ ಕೀಲಿಕೈ ನನ್ನ ಜೇಬಿನಲ್ಲಿ. ಮರುಭಾನುವಾರ ಅದನ್ನು ತರಗತಿಗೆ ಒಯ್ದು, "ದಯವಿಟ್ಟು ಎಲ್ಲರೂ ಒಂದೊಂದು ದೂರು ಬರೆಯಿರಿ" ಎಂದು ಕೈಮುಗಿದು ಬೇಡಿಕೊಂಡೆ. ನಮ್ಮ ಊರಿನವರ ದಾಕ್ಷಿಣ್ಯ ಎಷ್ಟೆಂದು ಆ ದಿನ ಗೊತ್ತಾಯಿತು. "ಎಂತ ಸಾರ್, ನಿಮ್ಮ ಮೇಲೆ ನಾವು ದೂರು ಕೊಡುವುದಾ?" ಎಂದು ಸದಾನಂದ ಎದ್ದು ನಿಂತ. ನನ್ನ ಮೇಲೆ ಬೇಡ ಮಾರಾಯ, ಫ್ಯಾನಿನ ಮೇಲೆ ಕೊಡು ಎಂದೆ. ಅವನು ಬಹಳ ಯೋಚಿಸಿ ಬರೆದ: 'ಫ್ಯಾನ್ ಸ್ವಲ್ಪ ಶಬ್ದ ಮಾಡುತ್ತದೆ. ಆದರೆ ತೊಂದರೆ ಇಲ್ಲ, ಸಾರ್ ತುಂಬ ಒಳ್ಳೆಯವರು.' ಮುಂದಿನವರು 'ಮೇಲಿನಂತೆ' ಎಂದು ಬರೆದು ಸಹಿ ಹಾಕಿದರು. ಪುಸ್ತಕ ಮೊದಲ ಬೆಂಚಿಗೆ ಬಂದಾಗ ಜೂಲಿಯಾನ ಬಾಯಿ ಕನ್ನಡಕ ಸರಿಮಾಡಿಕೊಂಡು, "ನಿಜವಾದದ್ದು ಬರೆಯಬಹುದಾ ಸಾರ್?" ಎಂದು ಕೇಳಿದರು. ನಾನು ಉದಾರವಾಗಿ ನಕ್ಕು, "ಧಾರಾಳ" ಎಂದೆ. ಅವರು ಪುಸ್ತಕ ಹಿಡಿದುಕೊಂಡು ಜಗಲಿಗೆ ಹೋದರು. ಮುಕ್ಕಾಲು ಗಂಟೆ ಒಳಗೆ ಬರಲಿಲ್ಲ.

ಒಂದೂವರೆ ಪುಟ. ದುಂಡಗಿನ ಅಕ್ಷರ, ಒಂದೂ ಕಾಗುಣಿತ ತಪ್ಪಿಲ್ಲ. 'ತರಗತಿ ಹತ್ತರಿಂದ ನಾಲ್ಕರವರೆಗೆ ಎಂದು ಬೋರ್ಡಿನಲ್ಲಿ ಉಂಟು. ಸಾರ್ ಅವರು ಮೀನಿನ ಸಾರು ತಣ್ಣಗಾಗುತ್ತದೆ ಎಂದು ಹನ್ನೆರಡೂವರೆಗೆ ಹೋಗುತ್ತಾರೆ. ಎರಡು ಬಸ್ಸು ಹಿಡಿದು ಬರುವವರಿಗೆ ಇದು ಸಾಲುವುದಿಲ್ಲ.' ಇಷ್ಟಾದರೆ ಹೇಗಾದರೂ ಸಹಿಸಬಹುದಿತ್ತು. ಎರಡನೆಯ ದೂರು ಅಸೈನ್‌ಮೆಂಟಿನ ಬಗ್ಗೆ. ಸಾರ್ ಓದುತ್ತಾರೋ ಇಲ್ಲವೋ ಎಂಬ ಅನುಮಾನದಿಂದ, ಮೊದಲನೆಯ ಮಹಾಯುದ್ಧದ ಕಾರಣಗಳನ್ನು ಬರೆಯುವಾಗ ನಾಲ್ಕನೆಯ ಪುಟದಲ್ಲಿ ಸಣ್ಣ ಮಾಡುವ ಕ್ರಮವನ್ನು ಬರೆದಿದ್ದೆ ಎಂದು ಅವರು ತಿಳಿಸಿದ್ದರು. ಸಣ್ಣ ಎಂದರೆ ಕ್ರೈಸ್ತರ ಮನೆಯ ಹಬ್ಬದ ಇಡ್ಲಿ. ಆ ಅಸೈನ್‌ಮೆಂಟನ್ನೂ ಪಿನ್ ಹಾಕಿ ಲಗತ್ತಿಸಿದ್ದರು. ಬ್ರಿಟನ್ ಮತ್ತು ಜರ್ಮನಿಯ ನೌಕಾಬಲದ ಪೈಪೋಟಿ ಮುಗಿದ ಕೂಡಲೇ ಅಕ್ಕಿ, ಉದ್ದು ನೆನೆಹಾಕಿ, ನುಣ್ಣಗೆ ಕಡೆದು, ಕಳ್ಳು ಬೆರೆಸಿ ಉಬ್ಬಲು ಬಿಟ್ಟಿದ್ದರು. ಹಿಟ್ಟು ಉಬ್ಬುವ ಜಾಗದಲ್ಲಿ ನನ್ನ ಕೆಂಪು ಶಾಯಿಯ ಟಿಕ್ ಮಾರ್ಕು. ಕೊನೆಯಲ್ಲಿ ಇಪ್ಪತ್ತಕ್ಕೆ ಹದಿನೇಳು, 'ಕಾರಣಗಳನ್ನು ಚೆನ್ನಾಗಿ ವಿವರಿಸಿದ್ದೀರಿ' ಎಂಬ ನನ್ನದೇ ಷರಾ.

ಪುಟ ಹರಿಯೋಣವೆಂದರೆ ವಸಂತಿ ಪ್ರತಿ ಪುಟಕ್ಕೂ ಸಂಖ್ಯೆ ಹಾಕಿ ಮೊಹರು ಒತ್ತಿದ್ದಳು. ಪುಸ್ತಕವನ್ನು ಚೀಲದಲ್ಲಿ ಹಾಕಿ ಮನೆಗೆ ತಂದೆ. ಹೆಂಡತಿ ಸುಮತಿ ಅದನ್ನು ಓದಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ನಿಂತ ಮೇಲೆ, "ಅವರು ಬರೆದದ್ದು ಹೌದಾ ಅಲ್ಲವಾ?" ಎಂದು ಕೇಳಿದಳು.

"ಹೌದು. ಆದರೆ ಹಾಗೆ ಬರೆಯುವುದಾ?"

"ಮತ್ತೆ ಹೇಗೆ ಬರೆಯುವುದು? ಕ್ರಮ ಸರಿಯಾಗಿಯೇ ಉಂಟಲ್ಲ" ಎಂದು ಅವಳು ಅಕ್ಕಿ–ಉದ್ದಿನ ಅಳತೆಯನ್ನು ಒಂದು ಚೀಟಿಗೆ ಇಳಿಸಿಕೊಂಡಳು.

ತಂಡ ಬರಲು ಇನ್ನೂ ಮೂರು ವಾರ ಇತ್ತು. ದೂರನ್ನು ಸ್ವಲ್ಪ ಮೆದು ಮಾಡಿ ಬರೆದುಕೊಡಿ ಎಂದು ಜೂಲಿಯಾನ ಬಾಯಿಯನ್ನು ಕೇಳುವುದಕ್ಕಾಗಿ ನಾನು ಕಾರ್ಕಳಕ್ಕೆ ಹೋದೆ. ಸ್ಕೂಟರು ಕೆಟ್ಟಿದ್ದರಿಂದ ಬಸ್ಸಿನಲ್ಲೇ ಹೋಗಬೇಕಾಯಿತು. ಉಡುಪಿಯವರೆಗೆ ನಿಂತು, ಅಲ್ಲಿಂದ ಕಾರ್ಕಳಕ್ಕೆ ಕಿಟಕಿಯಿಲ್ಲದ ಕಡೆ ಕೂತು ತಲುಪುವಷ್ಟರಲ್ಲಿ ಸೊಂಟ ಹಿಡಿದಿತ್ತು. ಅವರು ಇಂಥ ಎರಡು ಬಸ್ಸಿನ ಪ್ರಯಾಣವನ್ನು ಪ್ರತಿ ಭಾನುವಾರ ಮಾಡುತ್ತಾರಲ್ಲ ಎಂಬ ಯೋಚನೆ ಬೇಡವೆಂದರೂ ಬಂತು.

ಜೂಲಿಯಾನ ಬಾಯಿ ಗಾಬರಿಯಾಗಲಿಲ್ಲ. ನಿಂಬೆ ಶರಬತ್ತು ಕೊಟ್ಟು ಎದುರಿಗೆ ಕೂತರು. ನಾನು ಹವೆಯ ಬಗ್ಗೆ, ರಸ್ತೆಯ ಬಗ್ಗೆ ಮಾತಾಡಿ, ಕೊನೆಗೆ ಸುತ್ತಿಬಳಸಿ, "ಈ ವಯಸ್ಸಿನಲ್ಲಿ ಡಿಗ್ರಿ ನಿಮಗೆ ಎಂತಕ್ಕೆ ಬಾಯಿ?" ಎಂದು ಕೇಳಿದೆ.

"ಕುವೈತಿನಲ್ಲಿ ನಾನು ನೋಡಿಕೊಳ್ಳುತ್ತಿದ್ದ ಮನೆಯಲ್ಲಿ ಒಂದು ಹೆಣ್ಣುಮಗು ಇತ್ತು ಸಾರ್" ಎಂದರು. "ಅದನ್ನು ಸಾಕಿದ್ದು ನಾನೇ. ಶಾಲೆಯ ಪಾಠ ಓದಿಸುವಾಗ ಒಂದು ದಿನ, 'ಆಂಟಿ, ನೀನು ಎಷ್ಟು ಓದಿದ್ದೀ?' ಅಂತ ಕೇಳಿತು. ಹತ್ತನೇ ಕ್ಲಾಸು ಅಂದರೆ ಮಗು ನನ್ನ ಮಾತು ಕೇಳುವುದಿಲ್ಲ ಅಂತ ಹೆದರಿ, ಡಿಗ್ರಿ ಅಂದುಬಿಟ್ಟೆ. ಈಗ ಅವಳು ದೊಡ್ಡವಳು. ಇವತ್ತಿಗೂ ಫೋನು ಮಾಡುತ್ತಾಳೆ. ಅವಳಿಗೆ ನಾನು ಹೇಳಿದ ಒಂದೇ ಸುಳ್ಳು ಅದು. ಊರಿಗೆ ಬಂದು ಪಿ.ಯು.ಸಿ. ಮುಗಿಸಿದೆ. ಈಗ ಇದು. ಆ ಸುಳ್ಳನ್ನು ನಿಜ ಮಾಡಿಬಿಡಬೇಕು. ಆದರೆ ನೀವು ಅರ್ಧ ಪಾಠ ಮಾಡಿದರೆ ಅರ್ಧ ಸುಳ್ಳು ಹಾಗೆಯೇ ಉಳಿಯುತ್ತದಲ್ಲ ಸಾರ್?"

ನಾನು ಶರಬತ್ತಿನ ಲೋಟವನ್ನು ಕೆಳಗಿಟ್ಟೆ. "ನಿಮಗೆ ತೊಂದರೆ ಆಗುವುದಾದರೆ ಬೇರೆ ಬರೆದುಕೊಡುತ್ತೇನೆ" ಎಂದು ಅವರೇ ಹೇಳಿದರು. ಬೇಡ ಬಾಯಿ, ಅದು ಹಾಗೆಯೇ ಇರಲಿ ಎಂಬ ಮಾತು ನನ್ನಿಂದ ಹೇಗೆ ಬಂತೋ ನನಗೇ ಗೊತ್ತಿಲ್ಲ. ವಾಪಸು ಬರುವ ಬಸ್ಸಿನಲ್ಲಿ ನನ್ನ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ, ಅದಕ್ಕಿಂತ ಹೆಚ್ಚು ಭಯವೂ ಆಗಿತ್ತು.

ಮುಂದಿನ ಭಾನುವಾರದಿಂದ ಬುತ್ತಿ ಕಟ್ಟಿಕೊಂಡು ಹೋಗಿ ನಾಲ್ಕರವರೆಗೆ ಪಾಠ ಮಾಡಿದೆ. ಹಳೆಯ ಅಸೈನ್‌ಮೆಂಟುಗಳನ್ನು ವಾಪಸು ತರಿಸಿಕೊಂಡು ಮೊದಲಿನಿಂದ ಓದಿದೆ. ಓದುತ್ತಾ ಹೋದಂತೆ ಆಶ್ಚರ್ಯ: ಸದಾನಂದ ಕೈಗಾರಿಕಾ ಕ್ರಾಂತಿಯ ಬಗ್ಗೆ ಬರೆದದ್ದು ನಾನು ಪಾಠ ಮಾಡಿದ್ದಕ್ಕಿಂತ ಚೆನ್ನಾಗಿತ್ತು. ಇಂಜಿನ್ ಗೊತ್ತಿರುವವನು ಬರೆದದ್ದೆಂದು ಪ್ರತಿ ಸಾಲಿನಲ್ಲೂ ಕಾಣುತ್ತಿತ್ತು.

ತಂಡ ಬಂದೇ ಬಂತು. ಮೂವರು. ಮುಖ್ಯಸ್ಥೆ ನಗುವೆಂಬುದನ್ನು ಮನೆಯಲ್ಲಿ ಬಿಟ್ಟು ಬಂದಂತಿದ್ದ ಪ್ರೊಫೆಸರು. ಗ್ರಂಥಾಲಯದಲ್ಲಿ ಬೆರಳಿನಿಂದ ಧೂಳು ನೋಡಿದರು, ಹಾಜರಿ ಪುಸ್ತಕ ನೋಡಿದರು. ಕೊನೆಗೆ ಕುಂದುಕೊರತೆ ಪುಸ್ತಕ ಬಿಡಿಸಿ ನಿಧಾನವಾಗಿ ಓದಿದರು. ಲಗತ್ತಿಸಿದ್ದ ಅಸೈನ್‌ಮೆಂಟನ್ನೂ ಓದಿದರು. ನಾಲ್ಕನೆಯ ಪುಟದಲ್ಲಿ ಬಹಳ ಹೊತ್ತು ನಿಂತರು.

"ಜೂಲಿಯಾನ ಯಾರು?"

ಬಾಯಿ ಎದ್ದು ನಿಂತರು.

"ದೂರು ಕೊಟ್ಟ ಮೇಲೆ ಏನಾದರೂ ಸರಿಯಾಯಿತಾ?"

"ಆಯಿತು ಮೇಡಂ. ನನಗೆ ಸರಿಯಾಯಿತು. ಉಳಿದವರಿಗೆ ಕಷ್ಟ ಆಗಿದೆ."

ಸದಾನಂದ ಧೈರ್ಯ ಮಾಡಿ ಎದ್ದ. "ಮೇಡಂ, ಈಗ ನನಗೂ ಒಂದು ದೂರು ಉಂಟು. ಸಾರ್ ನಾಲ್ಕು ಗಂಟೆಯಾದರೂ ಬಿಡುವುದಿಲ್ಲ. ಆಮೇಲೆ ನನಗೆ ಟ್ರಿಪ್ ಇರುತ್ತದೆ."

ಇಡೀ ತರಗತಿ ನಕ್ಕಿತು. ಮುಖ್ಯಸ್ಥೆಯ ತುಟಿಯೂ ಸ್ವಲ್ಪ ಅಲುಗಿತು. "ಎಲ್ಲ ಕೇಂದ್ರಗಳಲ್ಲೂ ಫ್ಯಾನಿನ ದೂರು ಓದಿ ಓದಿ ಸಾಕಾಗಿತ್ತು" ಎಂದರು. "ಓದಿದ್ದನ್ನು ನಂಬಬಹುದಾದ ಪುಸ್ತಕ ಸಿಕ್ಕಿದ್ದು ಇಲ್ಲಿ ಮಾತ್ರ." ಕೇಂದ್ರ ಮುಂದುವರಿಯಲಿ ಎಂದು ಬರೆದರು.

ಜೂಲಿಯಾನ ಬಾಯಿ ಕಳೆದ ವರ್ಷ ಬಿ.ಎ. ಮುಗಿಸಿದರು. ಫಲಿತಾಂಶ ಬಂದ ದಿನ ಕುವೈತಿಗೆ ಫೋನು ಮಾಡಿ, "ಅವತ್ತು ಹೇಳಿದ್ದು ಸುಳ್ಳು, ಇವತ್ತು ನಿಜ" ಎಂದು ಹೇಳಿದರಂತೆ. ಆ ಹುಡುಗಿ, "ನನಗೆ ಆವಾಗಲೇ ಗೊತ್ತಿತ್ತು ಆಂಟಿ, ನೀನು ಬೇಜಾರು ಮಾಡಿಕೊಳ್ಳುತ್ತಿ ಅಂತ ಸುಮ್ಮನಿದ್ದೆ" ಎಂದಳಂತೆ. ಇದನ್ನು ನಮಗೆ ಹೇಳುವಾಗ ಬಾಯಿ ನಗುತ್ತಲೂ ಇದ್ದರು, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಲೂ ಇದ್ದರು.

ನನಗೆ ಮಾತ್ರ ಪರಿಶೀಲನಾ ವರದಿಯ ಕೊನೆಯಲ್ಲಿ ಒಂದು ಷರತ್ತು ಬಿದ್ದಿತ್ತು: ಸಂಯೋಜಕರು ಬೋಧನಾ ಗುಣಮಟ್ಟದ ಸರ್ಟಿಫಿಕೇಟ್ ಕೋರ್ಸನ್ನು ದೂರಶಿಕ್ಷಣದ ಮೂಲಕವೇ ಪೂರೈಸಬೇಕು. ಅದನ್ನು ಆದಷ್ಟು ಮುಂದೂಡುತ್ತಾ ಬಂದು, ಕೊನೆಗೆ ಈಗ ಶನಿವಾರ ಮಧ್ಯಾಹ್ನ ನಾನು ಅಂಬಲಪಾಡಿಯ ಹತ್ತಿರದ ಒಂದು ಕೊಠಡಿಯಲ್ಲಿ ವಿದ್ಯಾರ್ಥಿ. ಪಾಠ ಮಾಡುವವಳು ಒಂದು ಕಾಲಕ್ಕೆ ನನ್ನದೇ ಶಿಷ್ಯೆ. ಮೊದಲ ದಿನ ಪಾಠ ಮುಗಿಸಿ, "ಯಾರಿಗಾದರೂ ಸಂಶಯ ಉಂಟಾ?" ಎಂದು ಕೇಳಿದಳು. ಮೂವತ್ತು ವರ್ಷ ಪಾಠ ಮಾಡಿದ ನಾನು ಹಿಂದಿನ ಬೆಂಚಿನಿಂದ ಮೆಲ್ಲನೆ ಕೈಯೆತ್ತಿ, "ಮೇಡಂ, ಪರೀಕ್ಷೆಗೆ ಇಂಪಾರ್ಟೆಂಟ್ ಯಾವುದು?" ಎಂದೆ.

ಅವಳು ನನ್ನನ್ನು ನೋಡಿ, ತೀರಾ ವಿನಯದಿಂದ, "ಎಲ್ಲವೂ ಇಂಪಾರ್ಟೆಂಟ್ ಸಾರ್. ಕೂತುಕೊಳ್ಳಿ" ಎಂದಳು.